ಸಂಬಳ ಏರಿದೆ, ಎಸ್‌ಐಪಿ ಮಾತ್ರ ಅಲ್ಲೇ ನಿಂತಿದೆ. ಎಷ್ಟು ಏರಿಸಬೇಕು?

ಗೋಕುಲರೋಡ್ ಅಕೌಂಟ್ಸ್
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ವಯಸ್ಸು 29. 2021 ರಲ್ಲಿ ನನ್ನ ಕೈಗೆ ಬರುತ್ತಿದ್ದ ಸಂಬಳ 22,000 ರೂ. ಆಗಲೇ ಒಂದು ಇಂಡೆಕ್ಸ್ ಫಂಡಿನಲ್ಲಿ (ಷೇರು ಸೂಚ್ಯಂಕವನ್ನು ಅನುಸರಿಸುವ ಮ್ಯೂಚುವಲ್ ಫಂಡ್) ತಿಂಗಳಿಗೆ 3,000 ಎಸ್‌ಐಪಿ, ಅಂದರೆ ಪ್ರತಿ ತಿಂಗಳು ಖಾತೆಯಿಂದ ತಾನಾಗಿ ಹೋಗುವ ಕಂತು, ಶುರು ಮಾಡಿದೆ. ಇಲ್ಲಿಯವರೆಗೆ ಒಂದು ಕಂತೂ ತಪ್ಪಿಸಿಲ್ಲ.

ಈ ಜುಲೈನಲ್ಲಿ ಇನ್‌ಕ್ರಿಮೆಂಟ್ ಆಯಿತು. 32,500 ಇದ್ದದ್ದು 36,000 ಆಗಿದೆ. ಧಾರವಾಡದಿಂದ ಬರುವ ಸಹೋದ್ಯೋಗಿಗೆ ಹೇಳಿ ಲೈನ್ ಬಜಾರಿನ ಪೇಡಾ ತರಿಸಿ ಎಲ್ಲರಿಗೂ ಹಂಚಿದೆ. ರಾತ್ರಿ ಹಳೆಯ ಡೈರಿ ತೆಗೆದು ಸುಮ್ನೆ ಲೆಕ್ಕ ಹಾಕುತ್ತಾ ಕೂತೆ. 22,000ಕ್ಕೆ 3,000 ಅಂದರೆ ಶೇ. 13.6. ಈಗ 36,000ಕ್ಕೆ ಅದೇ 3,000 ಅಂದರೆ ಶೇ. 8.3. ಇಷ್ಟು ವರ್ಷ ಶಿಸ್ತಾಗಿ ಕಟ್ಟಿದ್ದೇನೆ ಅಂದುಕೊಂಡಿದ್ದೆ. ಆದರೆ ಸಂಬಳದಲ್ಲಿ ಉಳಿತಾಯದ ಪಾಲು ವರ್ಷ ವರ್ಷ ಇಳಿದಿದೆ. ಅದು ನೋಡಿ ನಿಜಕ್ಕೂ ಬೇಜಾರಾಯಿತು.

ಮನೆ ಪರಿಸ್ಥಿತಿ ಹೇಳಿಬಿಡುತ್ತೇನೆ. ನವನಗರದಲ್ಲಿ ಸ್ವಂತ ಮನೆ, ಬಾಡಿಗೆ ಇಲ್ಲ. ಅಪ್ಪ ಕೆಲಸ ಬಿಟ್ಟಿದ್ದಾರೆ. ತಮ್ಮ ಇಂಜಿನಿಯರಿಂಗ್ ಎರಡನೇ ವರ್ಷ. ಮನೆ ಖರ್ಚಿಗೆ ನಾನು ಕೊಡುವುದೂ ಸೇರಿ ತಿಂಗಳಿಗೆ 25,000 ಹೋಗುತ್ತದೆ. ಸ್ಕೂಟಿ ಕಂತು 2,900, ಬರುವ ಏಪ್ರಿಲ್‌ಗೆ ಮುಗಿಯುತ್ತದೆ. ಕಷ್ಟಕ್ಕೆ ಅಂತ ಎಫ್‌ಡಿಯಲ್ಲಿ 40,000 ಇದೆ.

ಪ್ರತಿ ವರ್ಷ ಶೇ. 10 ಏರಿಸಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಸರಿ ಹೊಂದುತ್ತದಾ? ಅನುಭವ ಇದ್ದವರು ಹೇಳಿ.


ಲೆಕ್ಕದ ತಮ್ಮ, ಧಾರವಾಡ
ಸೋಮವಾರ, ರಾತ್ರಿ 10:55

ಅಕ್ಕಾರ, ನಿಮ್ಮ ಅಂಕಿಗಳನ್ನೇ ಹಾಕಿ ಲೆಕ್ಕ ಮಾಡಿದೆ. 20 ವರ್ಷ, ವರ್ಷಕ್ಕೆ ಶೇ. 12 ಬರುತ್ತದೆ ಅಂತ ಇಟ್ಟುಕೊಂಡಿದ್ದೇನೆ. ಅಷ್ಟೇ ಬರುತ್ತದೆ ಅಂತ ಯಾರೂ ಬರೆದುಕೊಡಲ್ಲ. ಹೋಲಿಸಿ ನೋಡುವುದಕ್ಕೆ ಒಂದು ಅಂಕಿ ಬೇಕು, ಅದಕ್ಕೆ.

3,000 ಏರಿಸದೆ ಹಾಗೇ ಕಟ್ಟಿದರೆ ನಿಮ್ಮ ಕೈಯಿಂದ ಹೋಗುವುದು 7.2 ಲಕ್ಷ, ಆಗುವುದು ಸುಮಾರು 30 ಲಕ್ಷ. ಪ್ರತಿ ವರ್ಷ ಶೇ. 10 ಏರಿಸಿದರೆ ಕಟ್ಟುವುದು 20.6 ಲಕ್ಷ, ಆಗುವುದು ಸುಮಾರು 59.7 ಲಕ್ಷ.

ಇಷ್ಟನ್ನು ಎಲ್ಲಾ ಕಡೆ ಹೇಳುತ್ತಾರೆ. ನಾನು ಇನ್ನೊಂದು ಲೆಕ್ಕವನ್ನೂ ಹಾಕಿದೆ. ಶೇಕಡಾ ಬಿಟ್ಟು ಪ್ರತಿ ವರ್ಷ 500 ರೂಪಾಯಿ ಮಾತ್ರ ಏರಿಸಿದರೆ? ಕಟ್ಟುವುದು 18.6 ಲಕ್ಷ, ಆಗುವುದು 59.3 ಲಕ್ಷ! ಅಂದರೆ ಎರಡು ಲಕ್ಷ ಕಡಿಮೆ ಕಟ್ಟಿದರೂ ಕೊನೆಗೆ ಹತ್ತಿರ ಹತ್ತಿರ ಅಷ್ಟೇ. ನನಗೇ ನಂಬಿಕೆ ಬರದೆ ಮೂರು ಸಲ ತಾಳೆ ನೋಡಿದೆ.

ಕಾರಣ ಇಷ್ಟೇ. 3,000ಕ್ಕೆ ಶೇ. 10 ಅಂದರೆ ಮೊದಲ ಸಲ ಏರುವುದು ಬರೀ 300. ಮೊದಲ 11 ವರ್ಷ 500ರ ದಾರಿಯೇ ಮುಂದೆ ಇರುತ್ತದೆ. ಆಮೇಲೆ ಶೇ. 10ರ ದಾರಿ ಮುಂದೆ ಹೋಗುತ್ತದೆ. ಆದರೆ ಮೊದಲು ಹಾಕಿದ ದುಡ್ಡಿಗೆ ಬೆಳೆಯಲು ಜಾಸ್ತಿ ವರ್ಷ ಸಿಗುತ್ತದೆ ಅಲ್ವಾ. 20ನೇ ವರ್ಷದಲ್ಲಿ ಶೇ. 10ರ ದಾರಿಯಲ್ಲಿ ತಿಂಗಳಿಗೆ 18,348 ಕಟ್ಟಬೇಕು. 500ರ ದಾರಿಯಲ್ಲಿ 12,500 ಸಾಕು. ಆ ಹೊತ್ತಿಗೆ ನಿಮಗೆ 49. ಮನೆಯಲ್ಲಿ ಕಾಲೇಜು ಫೀಸಿನ ಕಾಲ. ಆಗ ಭಾರ ಕಡಿಮೆ ಇರುವುದು ಒಳ್ಳೆಯದು.

ಸಣ್ಣ ಎಸ್‌ಐಪಿ ಇರುವವರಿಗೆ ಶೇಕಡಾಕ್ಕಿಂತ ರೂಪಾಯಿ ಲೆಕ್ಕವೇ ವಾಸಿ. ಇದು ನನ್ನ ಖಚಿತ ಅಭಿಪ್ರಾಯ.


ಬೆಟಗೇರಿ ಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 6:20

ತಮ್ಮಾ, ಲೆಕ್ಕ ಚೆನ್ನಾಗಿದೆ. ಒಂದು ಮಾತು ಸೇರಿಸುತ್ತೇನೆ. 20 ವರ್ಷದ ನಂತರದ 59 ಲಕ್ಷವನ್ನು ಇವತ್ತಿನ 59 ಲಕ್ಷ ಅಂದುಕೊಳ್ಳಬಾರದು. ಬೆಲೆಗಳು ವರ್ಷಕ್ಕೆ ಶೇ. 6 ಏರಿದರೆ ಅದು ಇವತ್ತಿನ ಸುಮಾರು 18.5 ಲಕ್ಷಕ್ಕೆ ಸಮ. ಹಾಗೇ, ಏರಿಸದೆ ಕಟ್ಟುವ 3,000 ಕೂಡ 20ನೇ ವರ್ಷಕ್ಕೆ ಇವತ್ತಿನ ಒಂದು ಸಾವಿರದಷ್ಟೂ ಇರುವುದಿಲ್ಲ. ಏರಿಸದೆ ಇದ್ದರೆ ನಾವು ನಿಂತಲ್ಲೇ ನಿಂತಿಲ್ಲ, ಹಿಂದೆ ಸರಿಯುತ್ತಿದ್ದೇವೆ. ಈ ತಂಗಿ ಡೈರಿ ನೋಡಿ ಅದನ್ನು ಕಂಡುಕೊಂಡಿದ್ದಾಳೆ. ಬಹಳ ಜನ ನೋಡುವುದೇ ಇಲ್ಲ.

ನಾನು ಗದಗ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿದ್ದೇನೆ. 2006ರ ಏಪ್ರಿಲ್ 1ರ ನಂತರ ಸೇರಿದವನು, ಹಾಗಾಗಿ ಎನ್‌ಪಿಎಸ್, ಅಂದರೆ ಸಂಬಳದಿಂದ ಕಡಿತ ಮಾಡಿ ಕಟ್ಟುವ ಹೊಸ ಪಿಂಚಣಿ. ಹಳೇ ಪಿಂಚಣಿ ಬೇಕು ಅನ್ನುವುದು ನಮ್ಮ ಬೇಡಿಕೆ, ಆ ಮಾತು ಬೇರೆ. ಆದರೆ ಎನ್‌ಪಿಎಸ್‌ನಲ್ಲಿ ಒಂದು ಗುಣ ಇದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ಅದರ ಶೇ. 10 ಕಡಿತ ಆಗುತ್ತದೆ. ರುಪಾಯಿ ಲೆಕ್ಕದಲ್ಲಿ ಅಲ್ಲ, ಪಾಲಿನ ಲೆಕ್ಕದಲ್ಲಿ. 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗದ ಸಂಬಳ ಬಂತಲ್ಲ, ಆ ತಿಂಗಳೇ ನನ್ನ ಕಡಿತವೂ ತಾನಾಗಿ ಏರಿತು. ನಾನು ಯಾವ ಫಾರ್ಮೂ ತುಂಬಲಿಲ್ಲ. ಮನೆಯಲ್ಲಿ ಯಾರ ಜೊತೆಯೂ ಚರ್ಚೆ ಮಾಡಲಿಲ್ಲ. ಏರಿದ ಸಂಬಳ ಕಣ್ಣಿಗೆ ಬೀಳುವ ಮೊದಲೇ ಪಾಲು ಹೋಗಿತ್ತು.

ಖಾಸಗಿಯವರಿಗೂ ಪಿಎಫ್ (ಭವಿಷ್ಯ ನಿಧಿ) ಹಾಗೇ ಏರುತ್ತದೆ ಅಂದುಕೊಳ್ಳುತ್ತಾರೆ. ತಂಗಿ, ನಿನ್ನ ಸಂಬಳ ಚೀಟಿ ತೆಗೆದು ಪಿಎಫ್ ಸಾಲು ನೋಡು. ಅಲ್ಲಿ 1,800 ಇದ್ದರೆ ಕಂಪನಿ 15,000 ರೂಪಾಯಿ ಮಿತಿಯ ಮೇಲೆ ಶೇ. 12 ಹಿಡಿಯುತ್ತಿದೆ ಅಂತ ಅರ್ಥ. ಸಂಬಳ ಎಷ್ಟೇ ಏರಲಿ, ಅದು 1,800ರಲ್ಲೇ ಇರುತ್ತದೆ.


ಗೋಕುಲರೋಡ್ ಅಕೌಂಟ್ಸ್
ಮಂಗಳವಾರ, ಬೆಳಿಗ್ಗೆ 8:15

ಸರ್, ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಸಂಬಳ ಚೀಟಿ ತೆಗೆದು ನೋಡಿದೆ. 1,800. 2023ರಲ್ಲಿ ಈ ಕಂಪನಿ ಸೇರಿದಾಗಿನಿಂದಲೂ 1,800. ಎಲ್ಲರ ಸಂಬಳದ ಲೆಕ್ಕ ಮಾಡುವವಳು ನಾನೇ, ಆದರೆ ನನ್ನದನ್ನು ಈ ಕಣ್ಣಿನಿಂದ ಯಾವತ್ತೂ ನೋಡಿರಲಿಲ್ಲ. ತುಂಬಾ ಧನ್ಯವಾದ.


ದುರ್ಗದಬೈಲ್ ಅಂಗಡಿ
ಮಂಗಳವಾರ, ಮಧ್ಯಾಹ್ನ 3:05

ನಮಗೆ ಸಂಬಳ ಇಲ್ಲ, ಇನ್‌ಕ್ರಿಮೆಂಟೂ ಇಲ್ಲ. ಆದರೂ ಇದರಲ್ಲಿ ಹೇಳುವುದಿದೆ, ಹೇಳುತ್ತೇನೆ.

ನಮ್ಮದು ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ. ಅಪ್ಪ ದಿನಾ ಪಿಗ್ಮಿ ಕಟ್ಟುತ್ತಿದ್ದರು. 1928ರಲ್ಲಿ ಉಡುಪಿ ಕಡೆ ಶುರುವಾದ ಪದ್ಧತಿ ಅಂತೆ, ನಮ್ಮ ಕಡೆ ಅದು ಅಂಗಡಿಕಾರರ ಉಸಿರು. ಸಂಜೆ ಏಳಕ್ಕೆ ಏಜೆಂಟರು ಬರುತ್ತಿದ್ದರು. ಭುಜಕ್ಕೆ ಕಪ್ಪು ಚೀಲ. ಗಲ್ಲಾಪೆಟ್ಟಿಗೆಯ ಎಡಗಡೆ ಅಪ್ಪ ಮೊದಲೇ ನೋಟು ಮಡಚಿ ಇಟ್ಟಿರುತ್ತಿದ್ದರು. ವ್ಯಾಪಾರ ಆಗಲಿ ಬಿಡಲಿ, ಆ ನೋಟು ಮುಟ್ಟುವ ಹಾಗಿರಲಿಲ್ಲ.

ದೀಪಾವಳಿಯ ಅಂಗಡಿ ಪೂಜೆ ದಿನ ಹೊಸ ಕೀರ್ದಿ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೊದಲ ಹಾಳೆಯ ಮೇಲೆ ಶ್ರೀ ಬರೆದು, ಅದರ ಕೆಳಗೆ ಆ ವರ್ಷದ ಪಿಗ್ಮಿ ಮೊತ್ತ ಬರೆಯುತ್ತಿದ್ದರು. ಹೋದ ವರ್ಷ 40 ಇದ್ದರೆ ಈ ವರ್ಷ 50. ಹತ್ತು ರೂಪಾಯಿ ಏರಿಸದ ದೀಪಾವಳಿ ನನಗೆ ನೆನಪಿರುವ ಮಟ್ಟಿಗೆ ಒಂದೇ. ಆ ವರ್ಷ ಅಜ್ಜಿಗೆ ಕಾಯಿಲೆ ಆಗಿತ್ತು. ಅವತ್ತೂ ಇಳಿಸಲಿಲ್ಲ, ಹಳೆಯದನ್ನೇ ಬರೆದರು. ಮುಂದೆ ನನ್ನ ತಂಗಿಯ ಮದುವೆಗೆ ಆಸರೆ ಆದದ್ದು ಆ ದುಡ್ಡೇ.

ನಾನೀಗ ಪಿಗ್ಮಿ ಜೊತೆ ಎಸ್‌ಐಪಿಯನ್ನೂ ಮಾಡುತ್ತೇನೆ. ಏರಿಸುವ ದಿನ ಮಾತ್ರ ಅದೇ, ಅಂಗಡಿ ಪೂಜೆ. ಸೀಸನ್ ಕಳೆದು ಕೈಯಲ್ಲಿ ನಾಲ್ಕು ಕಾಸು ಇರುವ ಹೊತ್ತು. ವ್ಯಾಪಾರಸ್ಥರು ಟಾಪ್-ಅಪ್, ಅಂದರೆ ಕಂತು ವರ್ಷ ವರ್ಷ ತಾನಾಗಿ ಏರುವ ವ್ಯವಸ್ಥೆ, ಇಡದೆ ವರ್ಷಕ್ಕೊಮ್ಮೆ ಕೈಯಾರೆ ಏರಿಸುವುದು ಒಳ್ಳೆಯದು. ನಮ್ಮ ವರ್ಷ ಹೇಗಿರುತ್ತದೆ ಅಂತ ಕಂಪ್ಯೂಟರಿಗೆ ಗೊತ್ತಿರಲ್ಲ.

ಇನ್ನೊಂದು. ಪಿಗ್ಮಿ ಕಟ್ಟುವವರು ಬ್ಯಾಂಕೋ ಸೊಸೈಟಿಯೋ ಅಂತ ಕೇಳಿಯೇ ಕಟ್ಟಿ. ಬ್ಯಾಂಕ್ ಆದರೆ, ಸಹಕಾರಿ ಬ್ಯಾಂಕ್ ಆದರೂ, 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸೊಸೈಟಿಗೆ ಆ ವಿಮೆ ಇಲ್ಲ. ನಮ್ಮ ಓಣಿಯಲ್ಲಿ ಒಂದು ಸೊಸೈಟಿ ಬಾಗಿಲು ಹಾಕಿದಾಗ ಅತ್ತವರನ್ನು ಕಣ್ಣಾರೆ ಕಂಡಿದ್ದೇನೆ.


ಬೆಟಗೇರಿ ಮೇಷ್ಟ್ರು
ಮಂಗಳವಾರ, ಸಂಜೆ 5:40

ಅಂಗಡಿಯವರೇ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಸೊಸೈಟಿ ಬಗ್ಗೆ ನೀವು ಹೇಳಿದ ಎಚ್ಚರಿಕೆ ಸರಿ. 1905ರಲ್ಲಿ ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲೇ ಸಹಕಾರ ಸಂಘ ಹುಟ್ಟಿತು. ಆ ನೆಲದವನಾಗಿ ಇದನ್ನು ಹೇಳಲು ನೋವಾಗುತ್ತದೆ, ಆದರೂ ಹೇಳಬೇಕು. ನಡೆಸುವವರು ಯಾರು ಅಂತ ನೋಡಿಯೇ ದುಡ್ಡು ಇಡಬೇಕು.

ನಿಮ್ಮ ತಂದೆ ದೀಪಾವಳಿಗೆ ಮಾಡಿದ್ದನ್ನೇ ಅಮೆರಿಕದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಯೋಗ ಮಾಡಿ ನೋಡಿದ್ದಾರೆ. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ. ಒಂದು ಕಾರ್ಖಾನೆಯ ನೌಕರರಿಗೆ ಈಗಲೇ ಜಾಸ್ತಿ ಉಳಿಸಿ ಅಂದರೆ ಕೈಲಾಗಲ್ಲ ಅಂದರಂತೆ. ಸರಿ, ಮುಂದಿನ ಸಲ ಸಂಬಳ ಏರಿದಾಗ ಅದರಲ್ಲಿ ಸ್ವಲ್ಪ ಉಳಿತಾಯಕ್ಕೆ ಹೋಗಲಿ, ಈಗ ಬರೀ ಒಪ್ಪಿಗೆ ಕೊಡಿ ಅಂದರು. ಬಹಳಷ್ಟು ಜನ ಒಪ್ಪಿದರು. 40 ತಿಂಗಳಲ್ಲಿ ಅವರ ಉಳಿತಾಯ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. 2004ರಲ್ಲಿ ಅದನ್ನು ಪ್ರಕಟಿಸಿದರು. ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಇದನ್ನು ಯಾಕೆ ಹೇಳಿದೆ ಅಂದರೆ, ಎಷ್ಟು ಏರಿಸಬೇಕು ಅನ್ನುವುದಕ್ಕಿಂತ ಯಾವಾಗ ತೀರ್ಮಾನ ಮಾಡಬೇಕು ಅನ್ನುವುದು ದೊಡ್ಡದು. ದುಡ್ಡು ಕೈಗೆ ಬರುವ ಮೊದಲೇ ತೀರ್ಮಾನ ಆಗಿರಬೇಕು. ಬಂದು ಮೂರು ತಿಂಗಳಾದರೆ ಅದಕ್ಕೆ ಒಂದು ಖರ್ಚು ಹುಟ್ಟಿಕೊಂಡಿರುತ್ತದೆ.


ಬ್ಯಾಡಗಿ ಕೆಂಪು
ಮಂಗಳವಾರ, ರಾತ್ರಿ 11:10

ಎಲ್ಲರೂ ಏರಿಸಿ ಏರಿಸಿ ಅನ್ನುತ್ತಿದ್ದೀರಿ. ನಾನು ಏರಿಸಿ ಕೈ ಸುಟ್ಟುಕೊಂಡವನು, ನನ್ನ ಮಾತನ್ನೂ ಕೇಳಿ.

2017ರಲ್ಲಿ ಕೆಲಸಕ್ಕೆ ಸೇರಿದೆ. ಹುಮ್ಮಸ್ಸು ಜಾಸ್ತಿ. ಏರಿದ್ದೆಲ್ಲಾ ಎಸ್‌ಐಪಿಗೆ ಹಾಕಿದೆ. ಬ್ಯಾಂಕಿನಲ್ಲಿ ಎರಡು ಸಾವಿರ ಇಟ್ಟುಕೊಂಡರೆ ಹೆಚ್ಚು. 2020ರ ಮಾರ್ಚ್‌ನಲ್ಲಿ ಅಮ್ಮನಿಗೆ ಆಪರೇಷನ್ ಆಯಿತು. ವಿಮೆ ಇರಲಿಲ್ಲ. ಹಾವೇರಿಯಿಂದ ಹುಬ್ಬಳ್ಳಿ ಆಸ್ಪತ್ರೆಗೆ ಕರೆದುಕೊಂಡು ಬಂದೆ. ಅದೇ ತಿಂಗಳು ಮಾರುಕಟ್ಟೆ ಬಿದ್ದಿತ್ತು. ಜನವರಿಯಿಂದ ಮಾರ್ಚ್ 23ರ ಹೊತ್ತಿಗೆ ಷೇರು ಸೂಚ್ಯಂಕ ನಿಫ್ಟಿ ಸುಮಾರು ಶೇ. 38 ಕುಸಿದಿತ್ತು. ಬೇರೆ ದಾರಿ ಇರಲಿಲ್ಲ, ಎಲ್ಲಾ ಮಾರಿದೆ. ಮೂರು ವರ್ಷ ಕಟ್ಟಿದ್ದಕ್ಕಿಂತ ಕಡಿಮೆ ಕೈಗೆ ಬಂತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮಾರಾಟದ ಬಟನ್ ಒತ್ತಿದ್ದು ಇನ್ನೂ ಕಣ್ಣ ಮುಂದಿದೆ. ಅಮ್ಮ ಈಗ ಆರಾಮ ಇದ್ದಾರೆ, ಅದು ದೊಡ್ಡದು.

ಅಕ್ಕಾರ, ನಿಮ್ಮ ಮನೆ ಖರ್ಚು 25,000. ಕೈಯಲ್ಲಿರುವುದು 40,000. ಎರಡು ತಿಂಗಳಿಗೂ ಸಾಲದು. ಕನಿಷ್ಠ ಮೂರು ತಿಂಗಳ ಖರ್ಚು, 75,000 ಆಗುವವರೆಗೆ ಏರಿದ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಗೆ ಹೋಗಲಿ. ಖರ್ಚು ಏರಿದ ಹಾಗೆ ಆ ನಿಧಿಯೂ ಏರಬೇಕು. ಅಪ್ಪ ಅಮ್ಮನ ಆರೋಗ್ಯ ವಿಮೆ ಇದೆಯಾ? ಇಲ್ಲದಿದ್ದರೆ ಅದು ಎಸ್‌ಐಪಿಗಿಂತ ಮುಂಚೆ.


ಗೋಕುಲರೋಡ್ ಅಕೌಂಟ್ಸ್
ಬುಧವಾರ, ಬೆಳಿಗ್ಗೆ 7:50

ಅಣ್ಣಾರ, ನಿಮ್ಮದನ್ನು ಓದಿ ಅಮ್ಮನಿಗೂ ಓದಿ ಹೇಳಿದೆ. ವಿಮೆ ಕಂಪನಿಯಿಂದ ಇದೆ, ಅಪ್ಪ ಅಮ್ಮ ಇಬ್ಬರೂ ಅದರಲ್ಲಿ ಸೇರಿದ್ದಾರೆ. ಆದರೆ ಕೆಲಸ ಬಿಟ್ಟರೆ ಅದೂ ಹೋಗುತ್ತದೆ. ಬೇರೆ ಪಾಲಿಸಿ ವಿಚಾರಿಸುತ್ತೇನೆ.


ಉಣಕಲ್ ವಾಕಿಂಗ್
ಬುಧವಾರ, ಬೆಳಿಗ್ಗೆ 9:30

ಮಗಳೇ, ನಾನು ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತ ಆದವನು. ಕೆರೆ ಸುತ್ತಿ ಬಂದು ಬರೆಯುತ್ತಿದ್ದೇನೆ.

ನೀನು ಬರೆದಿದ್ದರಲ್ಲಿ ಒಂದು ಸಾಲು ಯಾರೂ ಗಮನಿಸಿಲ್ಲ. ಏಪ್ರಿಲ್‌ಗೆ ಸ್ಕೂಟಿ ಕಂತು ಮುಗಿಯುತ್ತದೆ ಅಂದೆ. ಕಂತು ಮುಗಿದ ತಿಂಗಳೂ ಒಂದು ಇನ್‌ಕ್ರಿಮೆಂಟೇ. 2,900 ಅಂದರೆ ಈ ವರ್ಷ ನಿನಗೆ ಏರಿದ ಸಂಬಳಕ್ಕೆ ಹತ್ತಿರ ಹತ್ತಿರ ಆಯಿತು. ಆ ದುಡ್ಡು ಇಲ್ಲದೆ ಬದುಕುವುದು ನಿನಗೆ ಆಗಲೇ ರೂಢಿ ಆಗಿದೆ. ಮೇ ತಿಂಗಳಿನಿಂದ ಅದೇ ತಾರೀಖಿಗೆ ಅದನ್ನು ಉಳಿತಾಯಕ್ಕೆ ತಿರುಗಿಸು.

ನಾನು ಹೀಗೇ ಮಾಡಿದ್ದು. ಸೊಸೈಟಿ ಸಾಲ ತೀರಿದ ತಿಂಗಳು ಅಷ್ಟೇ ಮೊತ್ತ ವಿಪಿಎಫ್‌ಗೆ, ಅಂದರೆ ನಾವಾಗಿ ಜಾಸ್ತಿ ಕಟ್ಟುವ ಪಿಎಫ್‌ಗೆ, ಬರೆಸಿದೆ. ಮನೆಯಾಕೆಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಮಾರುಕಟ್ಟೆ ಹೆದರಿಕೆ ಇರುವವರಿಗೆ ಬೇರೆ ದಾರಿಗಳೂ ಇವೆ. ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್‌ನಲ್ಲಿ ವರ್ಷಕ್ಕೆ 1.5 ಲಕ್ಷದವರೆಗೆ ಯಾವಾಗ ಬೇಕಾದರೂ ಎಷ್ಟು ಬೇಕಾದರೂ ಕಟ್ಟಬಹುದು, ಏರಿಸಲು ಯಾರನ್ನೂ ಕೇಳಬೇಕಿಲ್ಲ. ಬಡ್ಡಿ 2020ರಿಂದ ಶೇ. 7.1 ಇದೆ. ಅಂಚೆ ಕಚೇರಿ ಆರ್‌ಡಿಯಲ್ಲಿ (ತಿಂಗಳ ಕಂತಿನ ಠೇವಣಿ) ಹಾಗಲ್ಲ. ಒಮ್ಮೆ ಬರೆಸಿದ ಕಂತನ್ನು ನಡುವೆ ಏರಿಸಲು ಬರುವುದಿಲ್ಲ. ಏರಿಸಬೇಕು ಅಂದರೆ ಇನ್ನೊಂದು ಆರ್‌ಡಿ ತೆಗೆಯಬೇಕು. ನನ್ನ ಬಳಿ ಒಂದು ಕಾಲಕ್ಕೆ ನಾಲ್ಕು ಪಾಸ್‌ಬುಕ್ ಇದ್ದವು. ರಬ್ಬರ್ ಬ್ಯಾಂಡ್ ಹಾಕಿ ಟ್ರಂಕಿನಲ್ಲಿ ಇಡುತ್ತಿದ್ದೆ.


ಕೇಶ್ವಾಪುರ ಇಎಂಐ
ಬುಧವಾರ, ರಾತ್ರಿ 8:25

ಎಸ್‌ಐಪಿ ಏರಿಸುವವರು ಬ್ಯಾಂಕ್ ಮ್ಯಾಂಡೇಟ್, ಅಂದರೆ ಖಾತೆಯಿಂದ ಕಂತು ಕಡಿತ ಮಾಡಲು ಕೊಡುವ ಒಪ್ಪಿಗೆ, ನೋಡಿಕೊಳ್ಳಿ. ಇದನ್ನು ಯಾರೂ ಹೇಳಲ್ಲ.

ನಾನು 4,000ಕ್ಕೆ ಶುರು ಮಾಡಿ ವರ್ಷಕ್ಕೆ ಶೇ. 10 ಟಾಪ್-ಅಪ್ ಇಟ್ಟಿದ್ದೆ. 4,400 ಆಯಿತು, 4,840 ಆಯಿತು. ನಾಲ್ಕನೇ ವರ್ಷ 5,324. ಆದರೆ ಮೊದಲ ದಿನ ಮ್ಯಾಂಡೇಟ್‌ಗೆ ಸಹಿ ಹಾಕುವಾಗ ಗರಿಷ್ಠ ಮೊತ್ತ ಅನ್ನುವ ಜಾಗದಲ್ಲಿ 5,000 ಬರೆದಿದ್ದೆ. ಕಂತು ಹೋಗಲೇ ಇಲ್ಲ. ಎರಡು ತಿಂಗಳು ನನಗೆ ಗೊತ್ತೇ ಆಗಲಿಲ್ಲ. ತಿಂಗಳ ಎಸ್‌ಐಪಿ ಸತತ ಮೂರು ಸಲ ತಪ್ಪಿದರೆ ರದ್ದೇ ಆಗುತ್ತದೆ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಗರಿಷ್ಠ ಮೊತ್ತ ಯಾವಾಗಲೂ ದೊಡ್ಡದಿರಲಿ, 25,000 ಬರೆಯಿರಿ. ಅಷ್ಟೂ ಕಡಿತ ಆಗಲ್ಲ, ಅದು ಬರೀ ಮಿತಿ.

ತಾರೀಖು ಕೂಡ. ಸಂಬಳ 7ಕ್ಕೆ ಬಂದರೆ ಎಸ್‌ಐಪಿ 5ಕ್ಕೆ ಇಡಬೇಡಿ. 10 ಇಡಿ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸ್ ಹೋದರೆ ಬ್ಯಾಂಕಿನವರು ದಂಡ ಹಾಕುತ್ತಾರೆ.


ಲೆಕ್ಕದ ತಮ್ಮ, ಧಾರವಾಡ
ಬುಧವಾರ, ರಾತ್ರಿ 10:05

ಮ್ಯಾಂಡೇಟ್ ವಿಷಯ ನನಗೂ ಹೊಳೆದಿರಲಿಲ್ಲ. ನನ್ನದು ಈಗಲೇ ನೋಡಿದೆ. 10,000 ಇದೆ, ಬದಲಿಸಬೇಕು.

ಅಕ್ಕಾರ, ಮೊದಲು ಶುರು ಮಾಡುವಾಗ ಟಾಪ್-ಅಪ್ ಹಾಕದಿದ್ದರೆ ಹಳೆಯದಕ್ಕೆ ಅದನ್ನು ಸೇರಿಸುವುದು ಎಲ್ಲಾ ಕಡೆ ಆಗಲ್ಲ. ಹಳೆಯದನ್ನು ನಿಲ್ಲಿಸಬೇಡಿ. ಅದೇ ಫಂಡಿನಲ್ಲಿ ಎರಡನೇ ಎಸ್‌ಐಪಿ ತೆಗೆಯಿರಿ, ಅದಕ್ಕೆ ಟಾಪ್-ಅಪ್ ಹಾಕಿ. ಸಾಮಾನ್ಯವಾಗಿ ಟಾಪ್-ಅಪ್ ಆಗುವುದು ಶುರು ಮಾಡಿದ ತಿಂಗಳಿಂದ 12 ತಿಂಗಳಿಗೆ. ನಿಮ್ಮ ಇನ್‌ಕ್ರಿಮೆಂಟ್ ಜುಲೈಗೆ ಅಂದಿರಿ. ಆಗಸ್ಟ್‌ನಲ್ಲಿ ಶುರು ಮಾಡಿದರೆ ಪ್ರತಿ ವರ್ಷ ಸಂಬಳ ಏರಿದ ಮರು ತಿಂಗಳೇ ಎಸ್‌ಐಪಿಯೂ ಏರುತ್ತದೆ. ಮೇಷ್ಟ್ರು ಹೇಳಿದ್ದು ತಾನಾಗಿ ನಡೆಯುತ್ತದೆ.

ಏರಿದ 3,500ರಲ್ಲಿ ಅರ್ಧ, 1,750 ಎಸ್‌ಐಪಿಗೆ ಹಾಕಿ ಅಂತ ಹೇಳಬೇಕು ಅಂದುಕೊಂಡಿದ್ದೆ. ಹಾಗೆ ಮಾಡಿದರೆ ಒಟ್ಟು 4,750, ಸಂಬಳದ ಶೇ. 13.2. ನೀವು 2021ರಲ್ಲಿ ಇದ್ದ ಜಾಗಕ್ಕೆ ಹತ್ತಿರ ಹತ್ತಿರ ವಾಪಸ್. ಆದರೆ ಬ್ಯಾಡಗಿ ಅಣ್ಣನ ಮಾತು ಓದಿದ ಮೇಲೆ ಈಗಲೇ ಅಷ್ಟು ಹಾಕಿ ಅನ್ನಲು ಮನಸ್ಸಿಲ್ಲ. ಮೊದಲು ನಿಧಿ ತುಂಬಲಿ.


ಗೋಕುಲರೋಡ್ ಅಕೌಂಟ್ಸ್
ಭಾನುವಾರ, ಮಧ್ಯಾಹ್ನ 12:30

ಎಲ್ಲರ ಮಾತೂ ಓದಿ, ನಿನ್ನೆ ರಾತ್ರಿ ಅಪ್ಪನ ಜೊತೆ ಕೂತು ಬರೆದದ್ದು ಇದು.

3,000ದ ಹಳೆಯ ಎಸ್‌ಐಪಿ ಹಾಗೇ ನಡೆಯುತ್ತದೆ. ಆಗಸ್ಟ್ 10ರಿಂದ ಅದೇ ಫಂಡಿನಲ್ಲಿ 1,000ದ ಹೊಸದು, ವರ್ಷಕ್ಕೆ 500 ರೂಪಾಯಿ ಟಾಪ್-ಅಪ್. ಮ್ಯಾಂಡೇಟ್ ಮಿತಿ 25,000. 1,250 ಬ್ಯಾಂಕ್ ಆರ್‌ಡಿಗೆ. ದೀಪಾವಳಿ ಬೋನಸ್‌ನಲ್ಲಿ 15,000 ಎಫ್‌ಡಿಗೆ ಸೇರಿಸಿದರೆ 55,000. ಉಳಿದ 20,000 ಆರ್‌ಡಿಯಿಂದ 16 ತಿಂಗಳಲ್ಲಿ ತುಂಬುತ್ತದೆ. ಆಮೇಲೆ ಆ 1,250 ಎಸ್‌ಐಪಿಗೆ. ಏರಿದ್ದರಲ್ಲಿ ಉಳಿಯುವ 1,250 ಮನೆಗೆ ಮತ್ತು ನನಗೆ. ಅದನ್ನು ಖರ್ಚು ಮಾಡಲು ಸಂಕೋಚ ಪಡಬೇಡ ಅಂತ ಅಮ್ಮನೇ ಹೇಳಿದಳು.

ಮೇ ತಿಂಗಳಿಂದ ಸ್ಕೂಟಿಯ 2,900ರಲ್ಲಿ ಮೊದಲು ಅಪ್ಪ ಅಮ್ಮನ ಪಾಲಿಸಿ ಪ್ರೀಮಿಯಂ, ಉಳಿದದ್ದು ಪಿಪಿಎಫ್. ಅಂಕಲ್, ಆ ಸಾಲು ನೀವು ಹೇಳದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ.

ಬರೆದ ಹಾಳೆಯನ್ನು ಅಪ್ಪ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದಾರೆ, ಗ್ಯಾಸ್ ಬುಕ್ ಪಕ್ಕ. ತಮ್ಮ ನೋಡಿ, ಕೆಲಸ ಸಿಕ್ಕ ಮೊದಲ ತಿಂಗಳಿಂದ ತಾನೂ ಶುರು ಮಾಡಬಹುದಾ ಅಂತ ಕೇಳಿದ. ಅವನ ಮ್ಯಾಂಡೇಟ್ ನಾನೇ ತುಂಬಿಸುತ್ತೇನೆ.


ಕೇಶ್ವಾಪುರ ಇಎಂಐ
ಭಾನುವಾರ, ಮಧ್ಯಾಹ್ನ 1:10

ಆಗಸ್ಟ್ 10 ಕಳೆದ ಮೇಲೆ ಪಾಸ್‌ಬುಕ್‌ನಲ್ಲಿ ಎರಡೂ ಕಂತು ಹೋಗಿದೆಯಾ ಅಂತ ಒಮ್ಮೆ ನೋಡಿ ಇಲ್ಲೇ ತಿಳಿಸಿ, ಅಕ್ಕಾರ.